ಆ ಯುಗಾದಿಗೆ ತೋಪಿನಲ್ಲಿ ಉಯ್ಯಾಲೆ ಕಟ್ಟಲಿಲ್ಲ

ನಂಜನಗೂಡಿನಿಂದ ತಿ. ನರಸೀಪುರದ ಕಡೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ, ಆಗೆಲ್ಲ ಊರಿನ ಬೋರ್ಡು ಓದಬೇಕಾಗಿರಲಿಲ್ಲ. ತೋಪು ನೋಡಿದರೆ ಊರು ಗೊತ್ತಾಗುತ್ತಿತ್ತು. ಮಾವಿನ ತೋಪು ಬಂದರೆ ಒಂದೂರು, ಹೊಂಗೆ ಬಂದರೆ ಇನ್ನೊಂದೂರು, ಹುಣಸೆ ಬಂತೋ ನಮ್ಮೂರು ಬಂತು, ಚೀಲ ಎತ್ತಿಕೊಂಡು ಇಳಿಯಬೇಕು. ನೀವೂ ಈ ಕಡೆಯವರೇ ಆಗಿದ್ದರೆ ನಿಮಗೂ ಅಂಥದ್ದೊಂದು ಗುಂಡುತೋಪು ಇದ್ದಿರುತ್ತದೆ. ಅದರ ನೆರಳಲ್ಲಿ ಕುಂಟೆಬಿಲ್ಲೆ ಆಡಿ, ಮೊಣಕಾಲು ತರಚಿಕೊಂಡು, ಮನೆಗೆ ಹೋಗಿ ಬೈಸಿಕೊಂಡಿರುತ್ತೀರಿ. ಈಗ ಆ ದಾರಿಯಲ್ಲಿ ಹೋದರೆ ನಾನು ಬೋರ್ಡು ಓದಿಯೇ ಇಳಿಯುವುದು.

ಹೋದ ವಾರ ನಮ್ಮೂರಿನ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೊ ಬಂತು. ನಮ್ಮೂರ ಪಕ್ಕದಲ್ಲೇ ಭಾರಿ ಥೀಮ್ ಪಾರ್ಕು ಬರುತ್ತದಂತೆ. ಜೈಂಟ್ ವೀಲು, ನೀರಿನ ಜಾರುಬಂಡೆ, ಮಂಜು ಬೀಳುವ ಮನೆ, ಜೊತೆಗೆ ಕಿವಿಗಡಚಿಕ್ಕುವ ಮ್ಯೂಸಿಕ್ಕು. ಕೆಳಗೆ ಊರವರೆಲ್ಲ ಸಾಲಾಗಿ ಕೈ ಮುಗಿದಿದ್ದಾರೆ, ಹೂವು ಹಾಕಿದ್ದಾರೆ. ನನ್ನ ತಮ್ಮನಂತೂ ‘ಈ ಸಲ ಪಕ್ಕಾ’ ಅಂತ ಬರೆದಿದ್ದಾನೆ. ಈ ಸಲ ಅಂತೆ! ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಹಿಂದಿನ ಸಲ ಏನಾಯಿತು ಅಂತ ಅಷ್ಟು ಜನರಲ್ಲಿ ಒಬ್ಬರಾದರೂ ಬರೆಯಬೇಕೋ ಬೇಡವೋ? ಯಾರೂ ಬರೆಯಲಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ.

ನಾನಾಗ ಐದನೇ ಕ್ಲಾಸು. ನಮ್ಮ ತೋಪು ಯಾರ ಸ್ವಂತದ್ದೂ ಅಲ್ಲ, ಇಡೀ ಊರಿನದು. ಮುದಿ ಹುಣಸೆಮರಗಳು. ಶಿವರಾತ್ರಿ ಕಳೆದರೆ ಹಣ್ಣು ಉದುರಲು ಶುರು. ಬಡಿದು ಇಳಿಸಿದ್ದು ಊರಿಗೆ, ತಾನಾಗಿ ಬಿದ್ದದ್ದು ಮಕ್ಕಳಿಗೆ. ಅದಕ್ಕೆ ಉಪ್ಪು, ಜೀರಿಗೆ, ಒಂದು ಚೂರು ಬೆಲ್ಲ, ಒಣಮೆಣಸಿನಕಾಯಿ ಹಾಕಿ ಕಲ್ಲಿನ ಮೇಲೆ ಕುಟ್ಟಿ, ಉಂಡೆ ಮಾಡಿ ಪೊರಕೆಕಡ್ಡಿಗೆ ಸಿಕ್ಕಿಸಿಕೊಂಡು ಚೀಪುತ್ತಿದ್ದೆವು. ನಾಲಿಗೆ ಒಡೆದು ಅನ್ನ ಉಣ್ಣಲಾಗದೆ ಅಳುವುದು, ಮಾರನೆ ದಿನ ಮತ್ತೆ ಕುಟ್ಟುವುದು. ನಮ್ಮವ್ವನ ಜೀರಿಗೆ ಡಬ್ಬಿ ಆ ತಿಂಗಳಲ್ಲಿ ಯಾವತ್ತೂ ಅರ್ಧ ಖಾಲಿ ಇರುತ್ತಿತ್ತು.

ತೋಪಿನ ನಡುವೆ ಇದ್ದ ಮರ ಎಲ್ಲಕ್ಕಿಂತ ದೊಡ್ಡದು. ಅದರ ಒಂದು ಕೊಂಬೆ ನೆಲಕ್ಕೆ ಅಡ್ಡಡ್ಡವಾಗಿ ಚಾಚಿಕೊಂಡಿತ್ತು. ಯುಗಾದಿಗೆ ಉಯ್ಯಾಲೆ ಕಟ್ಟುತ್ತಿದ್ದದ್ದು ಆ ಕೊಂಬೆಗೆ. ಹಗ್ಗ ಹೊಸೆಯುವುದು, ಮರ ಹತ್ತಿ ಕಟ್ಟುವುದು, ಜಗ್ಗಿ ನೋಡುವುದು ಗಂಡಸರ ಕೆಲಸ. ಕಟ್ಟಿ ಮುಗಿಸಿದರೋ, ಅಲ್ಲಿಂದ ಜಾಗ ಖಾಲಿ ಮಾಡಬೇಕು. ಬೆಳಿಗ್ಗೆ ಹೊನ್ನಾರು ಅಂತ ವರ್ಷದ ಮೊದಲ ನೇಗಿಲು ಹೂಡಿ ಬಂದು, ಬೇವುಬೆಲ್ಲ ತಿಂದು, ಒಬ್ಬಟ್ಟು ಉಂಡು ಗಂಡಸರೆಲ್ಲ ಜಗುಲಿ ಮೇಲೆ ಇಸ್ಪೀಟಿಗೆ ಕೂರುತ್ತಿದ್ದರು. ತೋಪು ಅಲ್ಲಿಂದ ದೀಪ ಹಚ್ಚುವ ಹೊತ್ತಿನವರೆಗೆ ಹೆಂಗಸರದ್ದು. ಗಂಡುಹುಡುಗರೂ ಆ ಕಡೆ ಸುಳಿಯುವಂತಿರಲಿಲ್ಲ, ಸುಳಿದರೆ ಸಗಣಿ ನೀರು ಎರಚುತ್ತಿದ್ದರು.

ಮೊದಲ ಸರದಿ ಯಾರದು ಅನ್ನುವುದಕ್ಕೆ ನಮ್ಮೂರಲ್ಲಿ ಜಗಳವೇ ಇರಲಿಲ್ಲ. ಮದುವೆಯಾಗಿ ಮೊದಲ ಯುಗಾದಿಗೆ ತವರಿಗೆ ಬಂದ ಮಗಳದು. ಅವಳನ್ನು ಮಣೆ ಮೇಲೆ ಕೂರಿಸಿ, ಎರಡು ಕಡೆ ಗಟ್ಟಿಮುಟ್ಟಾದ ಹೆಂಗಸರು ನಿಂತು ತೂಗುತ್ತಿದ್ದರು. ಮೊದಲು ಗಂಡನ ಹೆಸರು ಹೇಳಿಸುವುದು. ನಾಚಿಕೊಂಡರೆ ಇನ್ನೂ ಜೋರಾಗಿ ತೂಗುವುದು. ಹೆಸರು ಹೇಳಿದ ಮೇಲೆ ಹಿರಿಯಳೊಬ್ಬಳು ಕೇಳುತ್ತಾಳೆ, ಮನೆ ಹೇಗಿದೆ ಮಗ, ಅತ್ತೆ ಹೇಗೆ, ಹೊಟ್ಟೆತುಂಬ ಹಾಕುತ್ತಾರಾ, ಗಂಡನ ಕೈ ಬಾಯಿ ಹೇಗೆ. ಅವಳು ಮೇಲೆ ಹೋಗುತ್ತ ಒಂದು ಮಾತು, ಕೆಳಗೆ ಬರುತ್ತ ಒಂದು ಮಾತು ಹೇಳುತ್ತಾಳೆ. ಮುಖ ಯಾರಿಗೂ ಸರಿಯಾಗಿ ಕಾಣುವುದಿಲ್ಲ, ಅಳುತ್ತಿದ್ದಾಳೋ ನಗುತ್ತಿದ್ದಾಳೋ ಗೊತ್ತಾಗುವುದಿಲ್ಲ. ಉಯ್ಯಾಲೆ ಮೇಲೆ ಆಡಿದ ಮಾತು ತೋಪು ದಾಟಬಾರದು ಅನ್ನುವುದು ಕಟ್ಟಳೆ. ಯಾರೂ ದಾಟಿಸುತ್ತಿರಲಿಲ್ಲ.

ಮಾತು ದಾಟದಿದ್ದರೂ ಕೆಲಸ ಆಗುತ್ತಿತ್ತು, ಅದೇ ಅದರ ಗುಟ್ಟು. ಹಿಂದಿನ ವರ್ಷ ನಮ್ಮ ಬೀದಿಯ ಜಯಕ್ಕ ಉಯ್ಯಾಲೆ ಮೇಲೆ, ಅತ್ತೆ ಅಡುಗೆಮನೆಗೆ ಬೀಗ ಹಾಕಿಕೊಂಡು ಹೋಗುತ್ತಾಳೆ ಅಂದಿದ್ದಳು. ಹೆಂಗಸರು ಕೇಳಿಸಿಕೊಂಡರು, ಹಾಡು ಮುಂದುವರಿಸಿದರು. ಮೂರನೆ ದಿನ ಗಂಡ ಕರೆದುಕೊಂಡು ಹೋಗಲು ನಿಂತರೆ ಜಯಕ್ಕನಿಗೆ ಮಡಿಲಕ್ಕಿ ತುಂಬುವವರೇ ಇಲ್ಲ! ಇವತ್ತು ಮಂಗಳವಾರ ಅಂದರು, ಶುಕ್ರವಾರ ಮನೆಮಗಳನ್ನು ಕಳಿಸಬಾರದು ಅಂದರು, ಹುಣ್ಣಿಮೆ ಕಳೆಯಲಿ ಅಂದರು. ಮಡಿಲು ತುಂಬದೆ ನಮ್ಮೂರ ಹೆಣ್ಣು ಹೊಸಿಲು ದಾಟುವುದಿಲ್ಲ, ಮಡಿಲು ತುಂಬುವುದು ಗಂಡಸರ ಕೈಲಿ ಆಗುವುದಿಲ್ಲ. ಕೊನೆಗೆ ಆ ಅತ್ತೆಯೇ ಬಸ್ಸು ಹತ್ತಿ ಬಂದಳು. ಊರ ಹೆಂಗಸರೆಲ್ಲ ಅವಳನ್ನು ತೋಪಿನಲ್ಲಿ ಕೂರಿಸಿಕೊಂಡು ಕಾಫಿ ಕೊಟ್ಟು ಮಾತಾಡಿದರು. ಏನು ಮಾತಾಡಿದರೋ, ಅಡುಗೆಮನೆ ಬೀಗ ಹೋಯಿತು.

ಅದಾದ ಮೇಲೆ ನಮ್ಮಕ್ಕ ರತ್ನಳ ಮದುವೆ ಆಯಿತು. ತಲಕಾಡಿನ ಆಚೆಗೆ ಕೊಟ್ಟೆವು. ದೀಪಾವಳಿಗೆ ಭಾವನ ಜೊತೆ ಬಂದು ಒಂದೇ ರಾತ್ರಿ ಇದ್ದು ಹೋದಳು. ನನ್ನ ಜಡೆ ಹೆಣೆಯುವಾಗ ಅವಳ ಕೈ ಸಣ್ಣಗಾಗಿರುವುದು ನನಗೂ ಕಂಡಿತು. ಅವ್ವ ಬಚ್ಚಲ ಹತ್ತಿರ ಏನೋ ಕೇಳುತ್ತಿದ್ದಳು. ಅಕ್ಕ ಒಳಗಡೆ ಭಾವ ಕೂತಿದ್ದ ಕಡೆ ನೋಡಿ, ಯುಗಾದಿಗೆ ಬತ್ತೀನಲ್ಲವ್ವ, ಮೊದಲ ಉಯ್ಯಾಲೆ ನಂದೇ ಅಲ್ವಾ, ಅಂದಳು. ಅವ್ವ ಅಷ್ಟಕ್ಕೆ ಸುಮ್ಮನಾದಳು. ಉಯ್ಯಾಲೆ ಆಸೆಗೆ ಹಾಗಂದಳು ಅಂತ ನಾನು ತಿಳಿದುಕೊಂಡೆ.

ದೀಪಾವಳಿ ಕಳೆದ ಮೇಲೆ ಬಂದ ನೋಡಿ ಪಾರ್ಕಿನವನು. ಅವನ ಹೆಸರು ನಮಗೆ ಬೇಡ. ಜೀಪಿನಿಂದ ಇಳಿದು ತೋಪಿನ ಕಟ್ಟೆ ಹತ್ತುವ ಮುಂಚೆ ಯಾರೂ ಹೇಳದೆಯೇ ಶೂ ಬಿಚ್ಚಿಟ್ಟ. ಅಷ್ಟಕ್ಕೇ ನಮ್ಮಪ್ಪ ಕರಗಿ ನೀರಾಗಿ ಹೋದರು. ಎಂಥ ಸಂಸ್ಕಾರವಂತ ಅಂತ ಆ ಶೂ ಬಿಚ್ಚಿದ ಸುದ್ದಿಯನ್ನೇ ತಿಂಗಳುಗಟ್ಟಲೆ ಹೇಳಿಕೊಂಡು ತಿರುಗಿದರು. ಅಪ್ಪ ಊರಿನ ಯಜಮಾನರು, ನ್ಯಾಯ ಪಂಚಾಯ್ತಿ ಅಂದರೆ ಮುಂದೆ ಕೂರುವವರು. ಅವರಿಗೇ ಹೀಗಾದರೆ ಮಿಕ್ಕವರ ಪಾಡು ಹೇಳಬೇಕೆ.

ಅವನು ಸುತ್ತಿ ತಂದಿದ್ದ ಒಂದು ದೊಡ್ಡ ಚಿತ್ರ ಬಿಚ್ಚಿ ಮರಕ್ಕೆ ನೇತುಹಾಕಿದ. ನಾವು ಮಕ್ಕಳು ಅಪ್ಪಂದಿರ ಕಾಲಸಂದಿಯಲ್ಲಿ ತೂರಿಕೊಂಡು ಮುಂದೆ ಹೋದೆವು. ಚಿತ್ರದಲ್ಲಿ ಜೈಂಟ್ ವೀಲು ಮೋಡ ಮುಟ್ಟಿತ್ತು. ತೋಪಿನ ಹಿಂದಿದ್ದ ಒಣಬಯಲಿನಲ್ಲಿ ಪಾರ್ಕು ಬರುತ್ತದೆ, ತೋಪಿನ ಮೇಲೆ ದಾರಿ ಬರುತ್ತದೆ, ಊರಿಗೆಲ್ಲ ಕೆಲಸ ಸಿಗುತ್ತದೆ ಅಂದ. ಆಮೇಲೆ ಅವನಿಗೆ ಯಾರೋ ಉಯ್ಯಾಲೆ ವಿಷಯ ಹೇಳಿರಬೇಕು. ನಮ್ಮ ಪಾರ್ಕಿನಲ್ಲಿ ವರ್ಷವೆಲ್ಲ ಉಯ್ಯಾಲೆಯೇ, ಯುಗಾದಿ ದಿನ ಮೊದಲ ಸರದಿ ಈ ಊರಿನ ಹೆಣ್ಣುಮಕ್ಕಳಿಗೇ, ಬಿಟ್ಟಿಯಾಗಿ, ಅಂದುಬಿಟ್ಟ. ಗಂಡಸರೆಲ್ಲ ಚಪ್ಪಾಳೆ ಹೊಡೆದರು. ಹೆಂಗಸರನ್ನು ಒಂದು ಮಾತು ಕೇಳಿದವರಿಲ್ಲ. ಹೆಂಗಸರ ಜಾಗವನ್ನು ಗಂಡಸರು ಕೂತು ಕೊಟ್ಟು, ಹೆಂಗಸರಿಗೇ ಉಪಕಾರ ಮಾಡಿದೆವು ಅಂತ ಮೀಸೆ ತಿರುವಿದರು. ಈಗ ನೆನೆದರೂ ನನಗೆ ತಡೆಯುವುದಿಲ್ಲ.

ಇನ್ನು ಆ ವೀಳ್ಯದ ಕತೆ. ನಮ್ಮ ಕಡೆ ಮಾತು ಗಟ್ಟಿ ಮಾಡುವುದು ವೀಳ್ಯದಲ್ಲಿ. ಮದುವೆ ಇರಲಿ, ಅಣ್ಣತಮ್ಮಂದಿರ ರಾಜಿ ಇರಲಿ, ತಟ್ಟೆಯಲ್ಲಿ ಎಲೆ ಅಡಿಕೆ ತೆಂಗಿನಕಾಯಿ ಇಟ್ಟು ಕೊಟ್ಟು, ಎದುರಿನವನು ಕೈಚಾಚಿ ಇಸಕೊಂಡ ಅಂದರೆ ಮುಗಿಯಿತು. ಆಮೇಲೆ ಕಾಗದ ಕೊಡು ಅಂತ ಕೇಳಿದರೆ ಅವನ ಹೆತ್ತವರನ್ನು ಬೈದ ಹಾಗೆ. ಇಸಕೊಂಡವನು ಅದನ್ನು ಕಣ್ಣಿಗೊತ್ತಿಕೊಂಡು, ಟವೆಲ್ಲಿಗೆ ಕಟ್ಟಿಕೊಂಡು ಮನೆಗೆ ಒಯ್ದು ದೇವರ ಮುಂದೆ ಇಡುತ್ತಾನೆ. ಅಪ್ಪ ಊರ ಪರವಾಗಿ ತಟ್ಟೆ ಹಿಡಿದರು. ಪಾರ್ಕಿನವನು ನಗುನಗುತ್ತ ಇಸಕೊಂಡ. ಇಸಕೊಂಡು, ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಚಿ ಅಲ್ಲೇ ಬಾಯಿಗೆ ಹಾಕಿಕೊಂಡ. ಬಾಡೂಟ ಉಂಡವನ ಹಾಗೆ ಅಗಿದು, ಮರದ ಬುಡಕ್ಕೇ ಪಿಚಕ್ಕನೆ ಉಗಿದ.

ಊರಿಗೆ ಊರೇ ನೋಡಿತು. ಒಬ್ಬರಿಗೂ ಏನೂ ಅನ್ನಿಸಲಿಲ್ಲ. ಪಾಪ, ಪ್ಯಾಟೆಯವನು, ಗೊತ್ತಿಲ್ಲ ಅಂದರು. ಗೊತ್ತಿಲ್ಲದವನ ಮಾತನ್ನು ನಮ್ಮ ವೀಳ್ಯ ಎಲ್ಲಿಂದ ಕಟ್ಟಿಹಾಕುತ್ತದೆ ಅಂತ ಒಂದು ತಲೆಗಾದರೂ ಹೊಳೆಯಬೇಡವೆ? ಅವನಿಗೆ ಅದು ಊಟದ ಮೇಲಿನ ಎಲೆ ಅಡಿಕೆ, ನಮ್ಮವರಿಗೆ ಸತ್ಯಪ್ರಮಾಣ. ಸಂಜೆ ಅವ್ವ ಒಲೆ ಮುಂದೆ ಕೂತು ಅಪ್ಪನಿಗೆ ಕೇಳಿದಳು, ದಾರಿ ತೋಪಿನ ಮೇಲೆ ಬಂದರೆ ನಮ್ಮ ಮರ ಏನಾಗುತ್ತದೆ ಅಂತ.

“ಸುಮ್ಕಿರಮ್ಮಿ. ವೀಳ್ಯ ಇಸ್ಕೊಂಡವ್ನೆ, ಮಾತಿಗೆ ತಪ್ಪಕಾಯ್ತದಾ?” ಅಂದರು ಅಪ್ಪ.

ಅವ್ವ ಮುದ್ದೆ ತೊಳಸಲು ತಿರುಗಿದಳು.

ಅಲ್ಲಿಂದ ಮುಂದಿನ ನಾಲ್ಕು ತಿಂಗಳು ನಮ್ಮೂರಿಗೆ ಹಿಡಿದ ಹುಚ್ಚನ್ನು ಹೇಗೆ ಹೇಳಲಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತಾರಲ್ಲ, ನಮ್ಮವರು ಕೂಸಿನ ಮದುವೆಗೆ ಚಪ್ಪರವನ್ನೇ ಹಾಕಿದರು. ಬಸ್‌ಸ್ಟಾಪಿನ ಟೀ ಅಂಗಡಿ ಪಾರ್ಕ್ ವ್ಯೂ ಹೋಟೆಲ್ ಆಯಿತು, ಎದುರಿಗೆ ಕಾಣುತ್ತಿದ್ದದ್ದು ತಿಪ್ಪೆ. ಜೈಂಟ್ ವೀಲು ಹತ್ತಿದರೆ ಆ ಕಡೆ ನಂಜನಗೂಡಿನ ಗೋಪುರ, ಈ ಕಡೆ ನರಸೀಪುರದ ಸಂಗಮ ಎರಡೂ ಕಾಣುತ್ತವೆ ಅಂತ ಒಬ್ಬರು ಹೇಳಿದರೆ, ತಲಕಾಡಿನ ಮರಳೂ ಕಾಣುತ್ತದೆ ಅಂತ ಇನ್ನೊಬ್ಬರು. ನೋಡಿ ಬಂದವರ ಹಾಗೆ ಜಗಳ ಬೇರೆ.

ನಮ್ಮದು, ಮಕ್ಕಳದು, ಇನ್ನೊಂದು ತಯಾರಿ. ಜೈಂಟ್ ವೀಲಿನಲ್ಲಿ ತಲೆ ಸುತ್ತಿ ವಾಂತಿ ಮಾಡಿಕೊಂಡರೆ ಇಳಿಸಿಬಿಡುತ್ತಾರೆ ಅಂತ ಸುದ್ದಿ ಹಬ್ಬಿತ್ತು. ಅದಕ್ಕೇ ಸ್ಕೂಲಿನ ಕಂಬ ಹಿಡಿದು ಗಿರಗಿರ ತಿರುಗಿ ಅಭ್ಯಾಸ ಮಾಡುತ್ತಿದ್ದೆವು. ತಿರುಗಿ ತಿರುಗಿ ನೆಲಕ್ಕೆ ಬಿದ್ದು, ಆಕಾಶ ಸುತ್ತುವುದು ನಿಲ್ಲುವವರೆಗೆ ಕಣ್ಣು ಮುಚ್ಚಿ ಬಾಯಲ್ಲಿ ಮನೆಯಿಂದ ತಂದ ಹಳೆ ಹುಣಸೆಹಣ್ಣು ಇಟ್ಟುಕೊಂಡು ಮಲಗುತ್ತಿದ್ದೆವು. ಮೇಷ್ಟ್ರು ಬೈಯಲಿಲ್ಲ, ಅವರೂ ಆ ಚಿತ್ರ ನೋಡಿ ಬಂದಿದ್ದರು. ಯಾರ ಪಕ್ಕ ಯಾರು ಕೂರುವುದು ಅಂತ ನಾವು ಆಗಲೇ ಹಂಚಿಕೊಂಡಾಗಿತ್ತು. ನಾನು ಅಕ್ಕನ ಪಕ್ಕ ಅಂತ ಎಲ್ಲರಿಗೂ ಹೇಳಿದ್ದೆ. ಅಷ್ಟು ಖುಷಿಯಾಗಿ ನಾನು ಆಮೇಲೆ ಯಾವುದಕ್ಕೂ ಕಾದಿಲ್ಲ. ಆ ಖುಷಿಯನ್ನೂ ಸೇರಿಸಿಯೇ ಅವನು ನಮ್ಮಿಂದ ಕಿತ್ತುಕೊಂಡು ಹೋದದ್ದು.

ಶಿವರಾತ್ರಿ ಮುಗಿದ ವಾರದಲ್ಲೇ ಮರ ಕಡಿಯುವವರು ಬಂದರು. ಗರಗಸದ ಮೆಷಿನ್ನಿನ ಸದ್ದು ಸ್ಕೂಲಿನವರೆಗೂ ಕೇಳುತ್ತಿತ್ತು. ಬಿಟ್ಟ ಕೂಡಲೆ ಓಡಿದೆವು. ತೋಪಿನ ತುಂಬ ಹಸಿ ಮರದ ಹುಳಿ ವಾಸನೆ, ಕಾಲಿಟ್ಟಲ್ಲೆಲ್ಲ ಹುಣಸೆಹಣ್ಣು. ಎಲ್ಲವೂ ಬಿದ್ದದ್ದೇ, ಹಾಗಾಗಿ ಎಲ್ಲವೂ ನಮ್ಮದೇ ಅಂತ ಲಂಗದ ತುಂಬ ತುಂಬಿಕೊಂಡೆವು. ನಡುವಿನ ದೊಡ್ಡ ಮರಕ್ಕೆ ಮಾತ್ರ ಇಡೀ ದಿನ ಹಿಡಿಯಿತು. ಅದು ಬೀಳುವಾಗ ಊರ ಹೆಂಗಸರೆಲ್ಲ ಬಂದು ನಿಂತಿದ್ದರು. ನಮ್ಮ ದೊಡ್ಡವ್ವ, ಅಪ್ಪನ ಅಣ್ಣನ ಹೆಂಡತಿ, ಉಯ್ಯಾಲೆಯಲ್ಲಿ ಹುಡುಗಿಯರನ್ನು ಕೇಳುತ್ತಿದ್ದ ಹಿರಿಯಳು ಅವಳೇ, ಸೆರಗು ಬಾಯಿಗೆ ಒತ್ತಿಕೊಂಡು ಮನೆಗೆ ಹೋಗಿಬಿಟ್ಟಳು.

ಯುಗಾದಿಗೆ ಅಕ್ಕ ಬಂದಳು. ಬಸ್ಸಿಳಿದು ಬರುವ ದಾರಿ ತೋಪಿನ ಪಕ್ಕದಲ್ಲೇ. ನಾನು ಅವಳ ಚೀಲ ಇಸಕೊಳ್ಳಲು ಓಡಿದೆ. ಅವಳು ನನ್ನ ಕಡೆ ನೋಡಲಿಲ್ಲ, ಬೋಳಾಗಿದ್ದ ಬಯಲನ್ನು ನೋಡುತ್ತ ನಿಂತಿದ್ದಳು. ಭಾವ ಮುಂದೆ ಹೋಗಿ, ಏನೇ ನಿಂತ್ಕಂಡೆ ಅಂದಾಗ ಹೆಜ್ಜೆ ಹಾಕಿದಳು. ಮನೆಗೆ ಬಂದು ನೀರು ಕುಡಿದು ಲೋಟ ಕೆಳಗಿಡುವ ಮುಂಚೆ ಕೇಳಿದಳು, ಉಯ್ಯಾಲೆ ಎಲ್ಲಿ ಕಟ್ಟುತ್ತೀರಿ ಅಂತ. ಅಪ್ಪ ನಕ್ಕರು. ಮುಂದಿನ ವರ್ಷ ಜೈಂಟ್ ವೀಲಿನಲ್ಲೇ ಕೂರುವಂತೆ ಬಿಡು ಮಗಳೇ ಅಂದರು. ಭಾವನೂ ನಕ್ಕ. ನಮ್ಮ ಭಾವ ನೋಡಲು ಬಲು ಒಳ್ಳೆಯವನು. ಬಂದ ಕೂಡಲೆ ಹಿರಿಯರ ಕಾಲಿಗೆ ಬೀಳುವುದೇನು, ನಮಗೆಲ್ಲ ಮಿಠಾಯಿ ತರುವುದೇನು. ಇಡೀ ಬೀದಿ ಅಳಿಯ ಅಂದರೆ ಹೀಗಿರಬೇಕು ಅನ್ನುತ್ತಿತ್ತು.

ಅಕ್ಕನ ಮುಖ ಬಾಡಿದ್ದು ಅಪ್ಪನಿಗೂ ಕಂಡಿರಬೇಕು. ಮಗಳಿಗೆ ಮೊದಲ ಯುಗಾದಿ, ಬರಿಗೈಲಿ ಕಳಿಸಬಾರದು ಅಂತ ಊಟ ಆದ ಮೇಲೆ ಬಾವಿ ಹಗ್ಗ ತಂದು ನಡುಮನೆಯ ತೊಲೆಗೆ ಉಯ್ಯಾಲೆ ಕಟ್ಟಿದರು. ಇಸ್ಪೀಟಿಗೆ ಕೂತಿದ್ದವರೂ ಎದ್ದು ಬಂದರು. ಮನೆಯೊಳಗಿನ ಉಯ್ಯಾಲೆ ತಾನೆ, ಅದಕ್ಕೆ ಹೆಂಗಸರೇ ಆಗಬೇಕು ಅನ್ನುವ ಕಟ್ಟಳೆ ಎಲ್ಲಿಯದು. ಒಬ್ಬಟ್ಟಿನ ವಾಸನೆ, ಬೀಡಿ ಹೊಗೆ, ಜನವೋ ಜನ. ಅಕ್ಕ ಮಣೆ ಮೇಲೆ ಕೂತಳು. ತೊಲೆ ತಗ್ಗು, ಅವಳ ಪಾದ ನೆಲಕ್ಕೆ ತಾಗುತ್ತಿತ್ತು. ತೂಗಲು ದೊಡ್ಡವ್ವ ಮುಂದೆ ಬಂದಳು. ಅಷ್ಟರಲ್ಲಿ ಭಾವ ಎದ್ದು, ನಾನೇ ತೂಗ್ತೀನಿ ಬುಡಿ ಅಂತ ಹಗ್ಗಕ್ಕೆ ಕೈ ಹಾಕಿದ. ಎಲ್ಲರೂ ಹೋ ಅಂತ ನಕ್ಕರು. ಎಂಥ ಪ್ರೀತಿ ಅಂದರು.

ದೊಡ್ಡವ್ವ ಕಟ್ಟಳೆ ಬಿಡಲಿಲ್ಲ. ಗಂಡನ ಹೆಸರು ಕೇಳಿದಳು, ಅಕ್ಕ ಹೇಳಿದಳು. ಆಮೇಲೆ, ಮನೆ ಎಂಗದೆ ಮಗ, ಅಂದಳು. ಅಕ್ಕ ತಲೆ ಎತ್ತಿ ದೊಡ್ಡವ್ವನನ್ನೇ ನೋಡಿದಳು. ಉಯ್ಯಾಲೆ ಎರಡು ಸಲ ಹೋಗಿ ಬಂತು. ಭಾವ ಹಿಂದಿನಿಂದ ಬಗ್ಗಿ ಅವಳ ಕಿವಿಯ ಹತ್ತಿರ ನಗುತ್ತ ಹೇಳಿದ.

“ಯೋಳು, ಯೋಳು. ಎಂಗದೆ ನಮ್ಮನೆ?”

“ಚೆಂದಾಗದೆ,” ಅಂದಳು ಅಕ್ಕ.

ಮತ್ತೆ ಎಲ್ಲರೂ ನಕ್ಕರು. ಅಕ್ಕನ ಕಾಲ ಹೆಬ್ಬೆರಳು ನೆಲ ಕಚ್ಚಿ ಹಿಡಿದು ಉಯ್ಯಾಲೆ ನಿಲ್ಲಿಸಿದ್ದನ್ನು ನಾನು ಕೆಳಗೆ ಕೂತಿದ್ದರಿಂದ ನೋಡಿದೆ. ಅವಳು ಇಳಿದು ಅಡುಗೆಮನೆಗೆ ಹೋದಳು. ಮಾರನೆ ದಿನ ಹೊಸತೊಡಕು, ಬಾಡೂಟ. ಅದರ ಮಾರನೆ ದಿನ ದೊಡ್ಡವ್ವನೇ ಅವಳಿಗೆ ಮಡಿಲಕ್ಕಿ ತುಂಬಿದಳು. ತುಂಬದಿರಲು ಅವಳಿಗೆ ಕಾರಣವೇನಿತ್ತು? ಹಿಂದಿನ ರಾತ್ರಿ ಅವ್ವ ಅಪ್ಪನಿಗೆ ಹೇಳಿದ್ದಳಂತೆ, ಹುಡುಗಿ ಮನಸ್ಸಿನಲ್ಲಿ ಏನೋ ಇದೆ, ಇನ್ನೆರಡು ದಿನ ಇಟ್ಟುಕೊಳ್ಳೋಣ ಅಂತ. ಅವಳೇ ಎಲ್ಲರೆದುರು ಚೆಂದಾಗದೆ ಅಂದಳಲ್ಲ, ಸಂಸಾರಕ್ಕೆ ಹುಳಿ ಹಿಂಡಬೇಡ ಅಂದರಂತೆ ಅಪ್ಪ.

ಆಮೇಲೆ ಅವಳನ್ನು ಹಬ್ಬಕ್ಕೆ ಕಳಿಸುವುದನ್ನು ಭಾವನ ಮನೆಯವರು ನಿಲ್ಲಿಸಿದರು. ಒಂದು ಸಲ ಕೈ ಮುರಿದು ನರಸೀಪುರದ ಆಸ್ಪತ್ರೆಯಲ್ಲಿದ್ದಾಳೆ ಅಂತ ಸುದ್ದಿ ಬಂತು. ಬಚ್ಚಲಲ್ಲಿ ಜಾರಿ ಬಿದ್ದಳಂತೆ. ಅವ್ವ ಹೋಗಿ ಬಂದು ಮೂಲೆಯಲ್ಲಿ ಕೂತು ಅತ್ತಳು. ನ್ಯಾಯ ಸೇರಿಸಿ ಅಂತ ಅಪ್ಪನ ಕಾಲು ಹಿಡಿದಳು. ಅಪ್ಪ ಹೋದರು ಕೂಡ. ಅಲ್ಲಿ ಭಾವನ ಕಡೆಯವರು ಹೇಳಿದ್ದು ಒಂದೇ ಮಾತು. ನಿಮ್ಮ ಮನೆಯಲ್ಲೇ, ನಿಮ್ಮ ಊರವರ ಮುಂದೆಯೇ, ನಿಮ್ಮ ಮಗಳು ಚೆಂದಾಗದೆ ಅಂದಿಲ್ಲವಾ ಯಜಮಾನ್ರೇ? ಅಪ್ಪ ತಲೆ ತಗ್ಗಿಸಿ ಬಂದರು. ಅಕ್ಕ ಎಷ್ಟೋ ವರ್ಷ ಕಳೆದು, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು, ಮಡಿಲಕ್ಕಿಯೂ ಇಲ್ಲದೆ ಯಾರ ಅಪ್ಪಣೆಯೂ ಇಲ್ಲದೆ ತಾನೇ ನಡೆದು ಬಂದಳು. ಈಗ ನಂಜನಗೂಡಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು, ಇಂಡಸ್ಟ್ರಿಯಲ್ ಏರಿಯಾದಲ್ಲಿ ಕ್ಯಾಂಟೀನ್ ಕೆಲಸಕ್ಕೆ ಹೋಗುತ್ತಾಳೆ. ಮಗ ಡಿಪ್ಲೊಮಾ ಓದುತ್ತಿದ್ದಾನೆ.

ಪಾರ್ಕು? ಬರಲಿಲ್ಲ. ದಾರಿ ಅಂತ ಮಣ್ಣು ಹಾಕಿದರು, ಬೇಲಿ ಹಾಕಿದರು, ಬೋರ್ಡು ನೆಟ್ಟರು. ಮುಂದಿನ ವರ್ಷ ಜೀಪು ಬರುವುದು ನಿಂತಿತು. ಪಾರ್ಕಿನವನ ಆಫೀಸು ಅಂತ ಮೈಸೂರಿನಲ್ಲಿ ಹುಡುಕಿಕೊಂಡು ಹೋದವರು, ಅಲ್ಲೀಗ ಬಟ್ಟೆ ಅಂಗಡಿ ಇದೆ ಅಂತ ಬಂದು ಹೇಳಿದರು. ಅವನು ವೀಳ್ಯ ಇಸಕೊಂಡಿದ್ದಾನೆ, ಬರದೆ ಎಲ್ಲಿ ಹೋಗುತ್ತಾನೆ ಅಂತ ಅಪ್ಪ ಆಗಲೂ ಅನ್ನುತ್ತಿದ್ದರು. ಸೈಟು ಮಾಡುತ್ತೇವೆ ಅಂತ ಇನ್ನಾರೋ ಬಂದರು, ಅವರೂ ಹೋದರು. ತೋಪಿದ್ದ ಜಾಗದಲ್ಲಿ ಇವತ್ತು ಲಂಟಾನ ಬೆಳೆದಿದೆ. ಹುಡುಗರು ಅಲ್ಲಿ ಕುಡಿದು ಬಾಟಲಿ ಒಡೆಯುತ್ತಾರೆ, ಹೆಂಗಸರು ಹಗಲಲ್ಲೂ ಅತ್ತ ಹೋಗುವುದಿಲ್ಲ.

ಅದರ ಮೇಲೆ ಈ ವಿಡಿಯೊ. ನೋಡಿದ ಮಾರನೆ ದಿನವೇ ನಾನು ಮೈಸೂರಿನಿಂದ ಬಸ್ಸು ಹತ್ತಿ ಅಕ್ಕನ ಮನೆಗೆ ಹೋದೆ. ಅವಳು ಪಾಳಿ ಮುಗಿಸಿ ಬಂದು ಅವರೆಕಾಳು ಇದುಕುತ್ತ ಕೂತಿದ್ದಳು. ನಾನು ಪಾರ್ಕನ್ನೂ ಅಪ್ಪನನ್ನೂ ತಮ್ಮನನ್ನೂ ಸೇರಿಸಿ ಬೈದೆ. ಅವಳು ಕಾಳು ಇದುಕುತ್ತಲೇ ಕೇಳಿಸಿಕೊಂಡಳು. ಇಷ್ಟು ವರ್ಷ ಕೇಳದೆ ಇಟ್ಟುಕೊಂಡಿದ್ದನ್ನು ಅವತ್ತು ಕೇಳಿಬಿಟ್ಟೆ. ತೋಪಿನಲ್ಲಿ ಉಯ್ಯಾಲೆ ಕಟ್ಟಿದ್ದರೆ ಏನು ಹೇಳುತ್ತಿದ್ದೆ ಅಕ್ಕ?

“ನನ್ನ ಕಳಿಸ್ಬೇಡಿ ಅಂತಿದ್ದೆ. ಇನ್ನೇನ ಯೋಳದು. ಅಷ್ಟೇ ಕಣಮ್ಮಿ.”

ಅದೊಂದು ಮಾತನ್ನು ಅವ್ವನ ಕಿವಿಯಲ್ಲಾದರೂ ಯಾಕೆ ಹೇಳಲಿಲ್ಲ ಅಂದೆ. ಅವಳಿಗೆ ನನ್ನ ಮೇಲೆ ಸಿಟ್ಟು ಬಂತು. ಕೈಯಲ್ಲಿದ್ದ ಕಾಳನ್ನು ಮೊರಕ್ಕೆ ಹಾಕಿದಳು.

“ಅವ್ವಂಗೆ ಯೋಳಿದ್ರೆ ಅವ್ವ ಒಬ್ಬಳ ಮಾತಾಯ್ತಿತ್ತು. ಅಪ್ಪ ಸುಮ್ಕಿರು ಅಂದಿದ್ರೆ ಅಲ್ಲಿಗೆ ಮುಗೀತಿತ್ತು. ತೋಪಲ್ಲಾಗಿದ್ರೆ ಇಡೀ ಊರ ಹೆಂಗಸ್ರು ಕೇಳುಸ್ಕತಿದ್ರು. ಅಷ್ಟೂ ಜನಕ್ಕೆ ಸುಮ್ಕಿರಿ ಅನ್ನಕೆ ಯಾವ ಯಜಮಾನನ ಕೈಲಾಯ್ತಿತ್ತು?”

ಅವಳು ಎದ್ದು ಒಲೆ ಹಚ್ಚಿದಳು, ಸಾರಿಗೆ ಇಟ್ಟಳು, ಉಂಡು ಹೋಗು ಅಂದಳು. ಉಂಡು ಬಂದೆ.

ತೋಪು ಹೋದ ಮೇಲೆ ನೆರಳು ಹೋಯಿತು ಅನ್ನುತ್ತಾರೆ, ಹಣ್ಣು ಹೋಯಿತು ಅನ್ನುತ್ತಾರೆ. ನಮ್ಮಪ್ಪನೂ ಈಗ ಬಿಸಿಲು ಜಾಸ್ತಿಯಾಯಿತು ಅಂತ ಜಗುಲಿಯಲ್ಲಿ ಕೂತು ಗೊಣಗುತ್ತಾರೆ. ನನ್ನ ಹೊಟ್ಟೆಯುರಿ ಅದಲ್ಲ. ನಮ್ಮೂರ ಹೆಣ್ಣುಮಕ್ಕಳು ಈಗಲೂ ಮೊದಲ ಯುಗಾದಿಗೆ ತವರಿಗೆ ಬರುತ್ತಾರೆ. ಗಂಡನ ಪಕ್ಕ ಸೋಫಾದಲ್ಲಿ ಕೂತು ಒಬ್ಬಟ್ಟು ತಿನ್ನುತ್ತಾರೆ, ಟಿವಿ ನೋಡುತ್ತಾರೆ, ಫೋಟೊ ತೆಗೆಸಿಕೊಂಡು ಗುಂಪಿಗೆ ಹಾಕುತ್ತಾರೆ. ನಾವು ಹೂವು ಹಾಕುತ್ತೇವೆ. ಮೂರನೆ ದಿನ ಮಡಿಲು ತುಂಬಿ ಬೈಕಿನ ಹಿಂದೆ ಕೂರಿಸಿ ಕಳಿಸುತ್ತೇವೆ. ಅವರಲ್ಲಿ ಯಾವ ಹುಡುಗಿ ಆ ಒಂದು ಮಾತು ಬಾಯಲ್ಲಿಟ್ಟುಕೊಂಡೇ ವಾಪಸು ಹೋದಳು ಅಂತ ನಮಗೆ ಈಗ ಗೊತ್ತಾಗುವುದೇ ಇಲ್ಲ.